ಒಂಟಿ ಕಾಲಿನ ಪಾಠ

ಕಾಲು ಉಳುಕುವುದನ್ನು ನಮ್ಮ ನ್ಯಾಮತಿಯ ಸೀಮೆಯಲ್ಲಿ ಯಾರೂ ಕಾಯಿಲೆಯೆಂದು ಎಣಿಸುವುದಿಲ್ಲ. ಹುಣಸೆಹಣ್ಣು, ಉಪ್ಪು ಕಲಸಿ ಬಿಸಿಯಾಗಿ ಲೇಪಿಸಿ, ಬಟ್ಟೆ ಸುತ್ತಿ ನಾಲ್ಕು ದಿನ ಕುಂಟಿದರೆ ಮುಗಿಯಿತು. ಊತ ಇಳಿದರೆ ವಾಸಿಯಾಯಿತೆಂದೇ ಲೆಕ್ಕ. ಆದರೆ ಊತ ಇಳಿದು ವರ್ಷಗಳು ಕಳೆದರೂ ಕೆಲವರ ಕಾಲು ನಂಬಿಕೆಗೆ ಅರ್ಹವಾಗುವುದಿಲ್ಲ. ಸಣ್ಣ ಕಲ್ಲು ಸಿಕ್ಕರೂ ಪಾದ ಒಳಮುಖವಾಗಿ ಹೊರಳುತ್ತದೆ. ವೈದ್ಯರು ಇದನ್ನು ಹರಡಿನ ದೀರ್ಘಕಾಲದ ಅಸ್ಥಿರತೆ ಎನ್ನುತ್ತಾರೆ.

ನಾನು ಪಾಠ ಹೇಳುತ್ತಿದ್ದ ದಿನಗಳಲ್ಲಿ ಖೋ-ಖೋ ತಂಡದಲ್ಲಿ ಒಬ್ಬ ಚುರುಕಾದ ಹುಡುಗಿಯಿದ್ದಳು. ಕುಳಿತ ಎಂಟು ಜನರ ನಡುವೆ ಹಾವಿನಂತೆ ನುಸುಳಿ ಓಡುತ್ತಿದ್ದಳು. ಒಂಬತ್ತನೆಯ ತರಗತಿಯಲ್ಲಿ ಕಾಲು ಉಳುಕಿತು. ಮರುವರ್ಷ ಅದೇ ಕಾಲು ಮತ್ತೆರಡು ಸಲ ಉಳುಕಿತು. ಆಟ ಅಲ್ಲಿಗೇ ನಿಂತಿತು. ಕೆಲವು ವರ್ಷಗಳ ಹಿಂದೆ ಆಕೆ ಮನೆಗೆ ಬಂದಿದ್ದಳು. ಈಗ ಅಡಿಕೆ ತೋಟದ ಬದುವಿನ ಮೇಲೆ ನಡೆಯಲೂ ಅಂಜಿಕೆಯಂತೆ. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು ಮಾತು: "ಮಗಳನ್ನ ಖೋ-ಖೋಗೆ ಸೇರಿಸ್ಕೊಂಡಿದಾರೆ ಮೇಷ್ಟ್ರೇ. ಬೇಡ ಅಂತ ಬಿಡಿಸಿಬಿಡ್ತೀನಿ. ನನ್ನ ಗತಿ ಅವಳಿಗೆ ಬರಬಾರದು." ತಾಯಿಯ ಕಾಲಿನ ಭಯ ಮಗಳ ಕಾಲನ್ನು ಕಟ್ಟಿಹಾಕಲು ಹೊರಟಿತ್ತು.

ಈ ಭಯಕ್ಕೆ ಉತ್ತರವಿದೆಯೇ? ಇದೆ. ಹರಡಿನ ಹೊರಬದಿಯಲ್ಲಿ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳಿವೆ. ಅವು ಬರಿಯ ಹಗ್ಗಗಳಲ್ಲ. ಪಾದ ಎತ್ತ ವಾಲುತ್ತಿದೆ ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವ ನರತುದಿಗಳೂ ಅವುಗಳಲ್ಲಿವೆ. ರಜ್ಜು ಹರಿದಾಗ ಆ ಅಂಚೆಯೂ ಕೆಡುತ್ತದೆ. ಪಾದವನ್ನು ಹೊರಕ್ಕೆಳೆದು ಕಾಪಾಡಬೇಕಾದ ಸ್ನಾಯುಗಳು ತಡವಾಗಿ ಎಚ್ಚರಗೊಳ್ಳುತ್ತವೆ. ಇಂಗ್ಲೆಂಡಿನ ಮೂಳೆ ಶಸ್ತ್ರವೈದ್ಯ ಫ್ರೀಮನ್ ಮತ್ತು ಸಂಗಡಿಗರು 1965ರಲ್ಲಿಯೇ ಇದನ್ನು ಬರೆದರು, ಅಲುಗಾಡುವ ಹಲಗೆಯ ಮೇಲೆ ನಿಲ್ಲಿಸಿ ತರಬೇತಿ ಕೊಟ್ಟರು. ಅನಂತರದ ಸಂಶೋಧಕರು ಮಿದುಳು ಮತ್ತು ಬೆನ್ನುಹುರಿಗಳ ಪಾತ್ರವನ್ನೂ ಸೇರಿಸಿ ಆ ವಿವರಣೆಯನ್ನು ವಿಸ್ತರಿಸಿದ್ದಾರೆ. ಆದರೆ ಸಮತೋಲನದ ಅಭ್ಯಾಸ ಮಾತ್ರ ಇಂದಿಗೂ ಚಿಕಿತ್ಸೆಯ ಮುಖ್ಯ ಭಾಗವಾಗಿ ಉಳಿದಿದೆ.

ಅಭ್ಯಾಸ ಸರಳ. ಗೋಡೆಯ ಪಕ್ಕದಲ್ಲಿ ಬರಿಗಾಲಿನಲ್ಲಿ ಒಂಟಿ ಕಾಲಿನ ಮೇಲೆ ಅರ್ಧ ನಿಮಿಷ ನಿಲ್ಲುವುದು ಮೊದಲ ಮೆಟ್ಟಿಲು. ಅದು ಸುಲಭವಾದರೆ ಮಡಿಸಿದ ಕಂಬಳಿಯ ಮೇಲೆ ನಿಲ್ಲುವುದು. ಬಳಿಕ ನಿಂತ ಕಾಲನ್ನು ತುಸು ಬಗ್ಗಿಸಿ, ಇನ್ನೊಂದು ಪಾದವನ್ನು ಮುಂದೆ, ಪಕ್ಕಕ್ಕೆ, ಹಿಂದೆ ಎಷ್ಟು ದೂರ ಚಾಚಬಹುದೋ ಅಷ್ಟು ಚಾಚುವುದು. ಕಣ್ಣು ಮುಚ್ಚಿ ನಿಲ್ಲುವುದು, ಕುಪ್ಪಳಿಸಿ ಸ್ಥಿರವಾಗಿ ನಿಲ್ಲುವುದು ಕೊನೆಯ ಮೆಟ್ಟಿಲುಗಳು. ಹತ್ತು ಹದಿನೈದು ನಿಮಿಷದಂತೆ ವಾರಕ್ಕೆ ಮೂರು ದಿನ, ಕನಿಷ್ಠ ನಾಲ್ಕರಿಂದ ಆರು ವಾರ ಮಾಡಬೇಕು. ನಮ್ಮ ಹೆಣ್ಣುಮಕ್ಕಳ ಕುಂಟೆಬಿಲ್ಲೆಯಲ್ಲಿ ಇದರ ಬಹುಪಾಲು ಅಡಗಿದೆಯಲ್ಲವೇ! ಒಂಟಿ ಕಾಲಿನಲ್ಲಿ ನೆಗೆದು, ಗೆರೆ ಮುಟ್ಟದೆ ನಿಂತು, ಬಾಗಿ ಬಿಲ್ಲೆ ಎತ್ತುವುದು ಇನ್ನೇನು? ಅಂಗಳಗಳು ಕಿರಿದಾದಂತೆ ಆ ಪಾಠವೂ ತಪ್ಪಿಹೋಗುತ್ತಿದೆ.

ಆಡುವ ಮಕ್ಕಳಿಗೂ ಇದು ರಕ್ಷೆ. ಅಮೆರಿಕದ ಪ್ರೌಢಶಾಲೆಗಳ 765 ಫುಟ್‌ಬಾಲ್ ಮತ್ತು ಬ್ಯಾಸ್ಕೆಟ್‌ಬಾಲ್ ಆಟಗಾರರ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಸಮತೋಲನದ ಅಭ್ಯಾಸ ಮಾಡಿದವರಲ್ಲಿ ಶೇಕಡ 6.1ರಷ್ಟು ಮಂದಿಗೆ ಕಾಲು ಉಳುಕಿದರೆ, ಮಾಡದವರಲ್ಲಿ ಶೇಕಡ 9.9ರಷ್ಟು ಮಂದಿಗೆ ಉಳುಕಿತ್ತು. ಅಪಾಯ ಪೂರ್ತಿ ಅಳಿಯಲಿಲ್ಲ, ಆದರೆ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಇಳಿಯಿತು.

ನಾನು ಆ ತಾಯಿಗೆ ಹೇಳಿದ್ದು ಇಷ್ಟೇ: "ಮಗಳನ್ನು ಬಿಡಿಸಬೇಡಮ್ಮ. ಇಬ್ಬರೂ ಸೇರಿ ಅಭ್ಯಾಸ ಮಾಡಿ." ಮೊದಲು ಶಿವಮೊಗ್ಗದಲ್ಲಿ ಒಬ್ಬ ಫಿಸಿಯೋಥೆರಪಿಸ್ಟರಿಗೆ ಕಾಲು ತೋರಿಸಿ ಬಂದಳು. ಎರಡು ತಿಂಗಳ ಬಳಿಕ ಫೋನು ಮಾಡಿದಳು. ಕಾಲು ಹೊಸದಾಗಿಲ್ಲ, ಆದರೆ ಬದುವಿನ ಮೇಲೆ ಯಾರ ಕೈಯನ್ನೂ ಹಿಡಿಯದೆ ದಾಟುತ್ತಾಳಂತೆ. ಮಗಳು ತಂಡದಲ್ಲಿಯೇ ಇದ್ದಾಳೆ.

ಪ್ರಿಯ ಶಿಷ್ಯರೇ, ನಿಮ್ಮಲ್ಲಿ ಹಲವರು ಈಗ ಐವತ್ತರ ಹತ್ತಿರ ಬಂದಿದ್ದೀರಿ. ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಹೊಸದಾಗಿ ಪೆಟ್ಟಾದಾಗ ನಾಲ್ಕು ಹೆಜ್ಜೆ ಊರಲಾಗದಿದ್ದರೆ, ಅಥವಾ ಹರಡಿನ ಮೂಳೆಯನ್ನು ಒತ್ತಿದರೆ ನೋವಾದರೆ, ಲೇಪ ಹಚ್ಚುತ್ತ ಕೂರದೆ ವೈದ್ಯರನ್ನು ಕಂಡು ಎಕ್ಸ್‌ರೇ ತೆಗೆಸಿ. ವಯಸ್ಸಾದವರು, ತಲೆಸುತ್ತು ಇರುವವರು ಆಸರೆಯಿಲ್ಲದೆ ಕಣ್ಣು ಮುಚ್ಚಿ ನಿಲ್ಲಬೇಡಿ. ಉಳಿದಂತೆ, ಹಲ್ಲುಜ್ಜುವಾಗ ಒಂದು ಕೈ ಗೋಡೆಗೆ ಕೊಟ್ಟು ಒಂಟಿ ಕಾಲಿನ ಮೇಲೆ ನಿಂತು ನೋಡಿ. ಶಾಲೆಯಲ್ಲಿ ಅದು ಶಿಕ್ಷೆಯಾಗಿತ್ತು. ಈ ವಯಸ್ಸಿನಲ್ಲಿ ಅದೇ ರಕ್ಷಣೆ.