ಮೊದಲು ನೀರು ಬೇಡಿದವರು



ಅಕ್ಟೋಬರ್ ತಿಂಗಳ ಪ್ರೇಷಿತ ಭಾನುವಾರದಂದು ಕಾಣಿಕೆ ಸಲ್ಲಿಸಿ ಮನೆಗೆ ಮರಳುವಾಗ, ಶುಭಸಂದೇಶ ಸಾರುವುದು ಗುರುಗಳ ಹಾಗೂ ಕನ್ಯಾಸ್ತ್ರೀಯರ ಕೆಲಸವೆಂಬ ಸಮಾಧಾನ ನಮ್ಮಲ್ಲಿ ಅನೇಕರಿಗಿರುತ್ತದೆ. ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಆ ಕರೆ ಸೇರಿದ್ದೆಂದು ಧರ್ಮಸಭೆ ಬೋಧಿಸುತ್ತದೆ. ಸರಿ, ಆದರೆ ಸಾರುವುದು ಹೇಗೆ?

ಕೂಡ್ಲಿಗಿ ತಾಲೂಕಿನ ಹೊಸಹಳ್ಳಿಯಂಥ ಬಯಲುಸೀಮೆಯ ಊರುಗಳಲ್ಲಿ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. ನಮ್ಮವರ ಮನೆಗಳು ಇಲ್ಲಿ ವಿರಳ. ಮಾಘಮಾಸದಲ್ಲಿ ಕೊಟ್ಟೂರಿನ ಗುರುಬಸವೇಶ್ವರ ಸ್ವಾಮಿಯ ರಥೋತ್ಸವಕ್ಕೆ ಭಕ್ತರು ದೂರದ ಊರುಗಳಿಂದ ಕಾಲ್ನಡಿಗೆಯಲ್ಲಿ ಬರುತ್ತಾರೆ. ದಾರಿಯುದ್ದಕ್ಕೂ ಜನರು ಅವರಿಗೆ ನೀರು, ಮಜ್ಜಿಗೆ, ಊಟ ನೀಡಿ ಉಪಚರಿಸುತ್ತಾರೆ. ಈ ಭಾಗದ ಸದ್ಗೃಹಸ್ಥರೊಬ್ಬರು ಒಮ್ಮೆ ನನ್ನನ್ನು ಕೇಳಿದರು: "ಸ್ವಾಮಿ, ನಾವೂ ಮಜ್ಜಿಗೆ ಕೊಡಬಹುದೇ? ಕೊಟ್ಟರೆ ಜೊತೆಯಲ್ಲಿ ಯೇಸುವಿನ ಕುರಿತ ಒಂದು ಕಿರುಪುಸ್ತಿಕೆಯನ್ನೂ ಕೊಡಬೇಕಲ್ಲವೇ?"

ಮಜ್ಜಿಗೆಯನ್ನು ಅಗತ್ಯವಾಗಿ ಕೊಡಿ, ಪುಸ್ತಿಕೆ ಬೇಡ ಎಂದೆ. ಲೋಟದ ಹಿಂದೆಯೇ ಪುಸ್ತಿಕೆ ಬಂದರೆ ಮಜ್ಜಿಗೆ ಮಜ್ಜಿಗೆಯಾಗಿ ಉಳಿಯುವುದಿಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಯಾಗುತ್ತದೆ. ಇದು ಕೇವಲ ನನ್ನ ಅಭಿಪ್ರಾಯವಲ್ಲ. ಬಲವಂತದಿಂದಾಗಲಿ ಆಮಿಷದಿಂದಾಗಲಿ ಯಾರನ್ನೂ ವಿಶ್ವಾಸಕ್ಕೆ ಸೆಳೆಯಕೂಡದೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಸ್ಪಷ್ಟವಾಗಿ ವಿಧಿಸಿದೆ. ಬಲವಂತದ ನೋವು ಎಂಥದೆಂದು ನಮಗೆ ಬೇರೆಯವರು ಕಲಿಸಬೇಕಿಲ್ಲ. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದು, ಅನೇಕರ ಧರ್ಮವನ್ನು ಬಲವಂತದಿಂದ ಬದಲಿಸಲಾಗಿತ್ತು.

1799ರ ನಂತರ ಅಲ್ಲಿ ಚದುರಿಹೋಗಿದ್ದ ವಿಶ್ವಾಸಿಗಳನ್ನು ಒಗ್ಗೂಡಿಸಲು ಬಂದವರು ಫ್ರೆಂಚ್ ಗುರು ಅಬ್ಬೆ ದ್ಯುಬುವಾ. ಜನರು ಅವರನ್ನು 'ದೊಡ್ಡಸ್ವಾಮಿ' ಎಂದು ಕರೆದರು. ಈ ನಾಡಿನ ಉಡುಪು ಧರಿಸಿ, ಈ ನಾಡಿನ ಊಟ ಉಂಡು, ಹಾಸನದ ಬಳಿಯ ಶೆಟ್ಟಿಹಳ್ಳಿ, ಸಾತೇನಹಳ್ಳಿಯ ಕಡೆ ಬಡವರಿಗೆ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿಗೆ ಲಸಿಕೆ ಹೊಸದಾಗಿ ಬಂದಾಗ ಜನರ ಅಂಜಿಕೆ ಬಿಡಿಸಿ ಅದನ್ನು ಹಾಕಿಸಲು ಶ್ರಮಿಸಿದರು. ಲಸಿಕೆಗೆ ತೋಳು ಒಡ್ಡಿದವನ ಮತ ಯಾವುದೆಂದು ಸಿಡುಬು ಕೇಳುವುದಿಲ್ಲವಷ್ಟೆ! 1823ರಲ್ಲಿ ಭಾರತ ಬಿಟ್ಟು ಹೋದ ಅವರು, ಮತಾಂತರದ ಪ್ರಯತ್ನ ಫಲಿಸಲಿಲ್ಲವೆಂದೇ ಬರೆದರು. ಇಲ್ಲಿನ ಜನರ ಬಗ್ಗೆ ಅವರು ಬರೆದ ಕಟುವಾದ ಮಾತುಗಳನ್ನೆಲ್ಲ ನಾನು ಒಪ್ಪಲಾರೆ. ಆದರೆ ತಲೆಯೆಣಿಕೆಯಲ್ಲಿ ಸೋತೆನೆಂದುಕೊಂಡ ಆ ಗುರುವಿನ ಹೆಸರು ಇಂದಿಗೂ ಉಳಿದಿರುವುದು ಅವರ ಸೇವೆಯಿಂದ.

ಇನ್ನೊಂದು ಮಾತು. ಕೊಡುವುದರಲ್ಲಿ ನಮಗೆ ಉತ್ಸಾಹ ಹೆಚ್ಚು, ಪಡೆಯುವುದರಲ್ಲಿ ಕಡಿಮೆ. ಕ್ರಿಸ್ಮಸ್ ತಿಂಡಿಯನ್ನು ಓಣಿಗೆಲ್ಲ ಹಂಚುತ್ತೇವೆ, ಯುಗಾದಿಯ ಹೋಳಿಗೆ ಮನೆಬಾಗಿಲಿಗೆ ಬಂದಾಗ ಕೆಲವರು ಹಿಂಜರಿಯುತ್ತಾರೆ. ಯಕೋಬನ ಬಾವಿಯ ಬಳಿ ಯೇಸುಸ್ವಾಮಿ ಸಮಾರಿಯದ ಸ್ತ್ರೀಗೆ ಮೊದಲು ಬೋಧನೆ ಮಾಡಲಿಲ್ಲ, ಕುಡಿಯಲು ನೀರು ಕೇಳಿದರು. ದಣಿದಿದ್ದರು, ಕೈಯಲ್ಲಿ ಹಗ್ಗವಿಲ್ಲ, ಕೊಡವಿಲ್ಲ. ತಮ್ಮವರು ದೂರವಿಟ್ಟವಳ ಮುಂದೆ ಬೇಡುವವರಾಗಿ ಕುಳಿತರು. ಜೀವಜಲದ ಮಾತು ಆಮೇಲೆ ಬಂತು. ನೀರಿನ ಬೆಲೆ ಬಲ್ಲ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ?

ಹಾಗಾದರೆ ಬಾಯಿ ಮುಚ್ಚಿಕೊಂಡೇ ಇರಬೇಕೆಂದಲ್ಲ. ನಮ್ಮ ನಂಬಿಕೆಗೆ ಕಾರಣ ಕೇಳುವವರಿಗೆ ವಿನಯದಿಂದಲೂ ಗೌರವದಿಂದಲೂ ಉತ್ತರಿಸಲು ಸಿದ್ಧರಿರುವಂತೆ ಸಂತ ಪೇತ್ರರ ಪತ್ರ ಹೇಳುತ್ತದೆ. ಬಿಸಿಲಲ್ಲಿ ನಿಂತು ಮಜ್ಜಿಗೆ ಕೊಡುತ್ತಿರುವ ನಿಮ್ಮ ಕೊರಳಿನ ಶಿಲುಬೆ ಕಂಡು ಯಾರಾದರೂ, "ನೀವೇಕೆ ನಮಗೆ ಇದನ್ನು ಮಾಡುತ್ತೀರಿ?" ಎಂದು ಕೇಳಿದರೆ ಸಂಕೋಚವಿಲ್ಲದೆ ಯೇಸುವಿನ ಹೆಸರು ಹೇಳಿ. ಚಿಕ್ಕದಾಗಿ ಹೇಳಿ. ಅವರು ಕೊಟ್ಟೂರಿಗೆ ಇನ್ನೂ ನಡೆಯಬೇಕಾಗಿದೆ.