ನೋಟವೂ ಊಟವೂ

ಪ್ರವಾಸದಿಂದ ಹಿಂದಿರುಗಿದವರನ್ನು ನೆರೆಹೊರೆಯವರು ಕೇಳುವ ಪ್ರಶ್ನೆಗಳು ಎರಡು: ಏನೇನು ನೋಡಿದಿರಿ? ಏನೇನು ತಿಂದಿರಿ? ಇವೆರಡಕ್ಕೂ ತಕ್ಕ ಉತ್ತರ ದೊರೆತರೆ ಪ್ರವಾಸವು ಸಫಲವಾಯಿತೆಂದು ಲೋಕದ ಎಣಿಕೆ. ಆದರೆ ಮೂರನೆಯ ಪ್ರಶ್ನೆಯೊಂದುಂಟು. ಅದನ್ನು ನಮಗೆ ಕೇಳಿದವಳು ಹನ್ನೊಂದು ವರ್ಷದ ನಮ್ಮ ಮೊಮ್ಮಗಳು.

ನಮ್ಮ ಮಗಳೂ ಅಳಿಯಂದಿರೂ ಡೆನ್ಮಾರ್ಕ್ ದೇಶದಲ್ಲಿ ನೆಲಸಿದ್ದಾರೆ. ಅಲ್ಲಿ ಶಾಲೆಗಳಿಗೆ ಬೇಸಿಗೆಯ ರಜೆ ಮೊದಲಾಗುವುದು ಜೂನ್ ತಿಂಗಳ ಕೊನೆಗೆ. 2025ರ ಜುಲೈ ತಿಂಗಳಲ್ಲಿ ಅವರು ಮಕ್ಕಳೊಡನೆ ಕೋಲಾರದ ನಮ್ಮ ಮನೆಗೆ ಬಂದರು. ಸ್ವಂತ ಸೀಮೆಯನ್ನು ಮಕ್ಕಳಿಗೆ ತೋರಿಸಬೇಕೆಂದು ಬಾಡಿಗೆಯ ಕಾರೊಂದನ್ನು ಗೊತ್ತುಮಾಡಿ, ನಾಲ್ಕು ತಾಲ್ಲೂಕುಗಳನ್ನು ನಾಲ್ಕು ದಿನಗಳಲ್ಲಿ ಸುತ್ತಲು ನಿಶ್ಚಯಿಸಿದೆವು.

ಮೊದಲ ದಿನ ಕೋಲಾರ. ಬೆಟ್ಟದ ಮೆಟ್ಟಿಲುಗಳನ್ನೇರಿ ಅಂತರಗಂಗೆಯನ್ನು ಕಂಡೆವು. ಕಲ್ಲಿನ ಬಸವನ ಬಾಯಿಂದ ಬೀಳುವ ನೀರಿಗೆ ಏಳು ವರ್ಷದ ಮೊಮ್ಮಗನು ಅಂಗೈಯೊಡ್ಡಿ ನಿಂತವನು ಕರೆದರೂ ಕದಲಲಿಲ್ಲ. ವರ್ಷವೆಲ್ಲ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆ ನಮ್ಮದು. ಅದಕ್ಕಾಗಿಯೇ ಹಿರಿಯರು ಊರೂರಿಗೆ ಕೆರೆ ಕಟ್ಟಿದರು. 2018ರಿಂದೀಚೆಗೆ, ಬೆಂಗಳೂರಿನವರು ಬಳಸಿಬಿಟ್ಟ ನೀರನ್ನು ಶುದ್ಧಿಮಾಡಿ ಇಲ್ಲಿಯ ಹಲವು ಕೆರೆಗಳಿಗೆ ಹರಿಸುತ್ತಿದ್ದಾರೆ. ಆ ಮಧ್ಯಾಹ್ನ ಮನೆಯಲ್ಲಿ ರಾಗಿಮುದ್ದೆ, ಸೊಪ್ಪಿನ ಹುಳಿ. ಮುದ್ದೆಯನ್ನು ಅಗಿಯಬಾರದು, ನುಂಗಬೇಕೆಂದು ಅಜ್ಜಿ ಪಾಠ ಹೇಳಿದರು. ಹುಡುಗನು ಮೂರು ತುತ್ತು ಅಗಿದು, ನಾಲ್ಕನೆಯದನ್ನು ಕಣ್ಣುಮುಚ್ಚಿ ನುಂಗಿ, ಯುದ್ಧ ಗೆದ್ದವನಂತೆ ನಮ್ಮನ್ನು ನೋಡಿದನು. ನೀರು ಕಡಮೆಯಾದ ನೆಲಕ್ಕೆ ರಾಗಿಯೇ ತಕ್ಕ ಧಾನ್ಯವೆಂಬುದನ್ನು ಊಟದ ನಡುವೆಯೇ ಹೇಳಿದೆವು. ಮೇಷ್ಟರ ಕೆಲಸದಿಂದ ನಿವೃತ್ತಿಯಾದರೂ ನಾಲಗೆಗೆ ನಿವೃತ್ತಿಯಿಲ್ಲವಷ್ಟೆ!

ಎರಡನೆಯ ದಿನ ಮಾಲೂರಿನ ಕಡೆಗೆ. ಹೆಂಚು ಇಟ್ಟಿಗೆಗಳಿಗೆ ಹೆಸರಾದ ಆ ಊರನ್ನು ದಾಟಿ, ಮಾಸ್ತಿ ಗ್ರಾಮಕ್ಕೆ ಹೋದೆವು. ತನ್ನ ಹೆಸರನ್ನೇ ಒಬ್ಬ ಕಥೆಗಾರನಿಗೆ ಕೊಟ್ಟ ಊರು ಅದು. ‘ಚಿಕವೀರ ರಾಜೇಂದ್ರ’ವನ್ನು ಬರೆದುದಕ್ಕಾಗಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಸಂದಿತೆಂಬುದು ವಾಚಕರಿಗೆ ತಿಳಿದೇ ಇದೆ. ಹೊಂಗೆಯ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಪುಳಿಯೋಗರೆ, ಮೊಸರನ್ನ, ಉಪ್ಪಿನಕಾಯಿ ಇಷ್ಟೇ ಆದರೂ ಎಲೆಯಲ್ಲಿ ಒಂದಗುಳೂ ಉಳಿಯಲಿಲ್ಲ.

ಮೂರನೆಯ ದಿನ ಮುಳಬಾಗಿಲು. ‘ಮೂಡಲ ಬಾಗಿಲು’ ಎಂಬುದೇ ಹೀಗಾಯಿತೆಂದು ಹೇಳುವುದುಂಟು. 1887ರಲ್ಲಿ ಡಿ. ವಿ. ಗುಂಡಪ್ಪನವರು ಜನಿಸಿದ ಊರು ಇದು. ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಸನ್ನಿಧಿಗೆ ನಮಸ್ಕರಿಸಿ, ಕುರುಡುಮಲೆಗೆ ಹೋಗಿ, ಆಳೆತ್ತರವನ್ನು ಎರಡು ಪಟ್ಟು ಮೀರಿದ ಏಕಶಿಲೆಯ ಗಣಪತಿಯನ್ನು ಕಂಡೆವು. ಹಿಂದಿರುಗುವಾಗ ಮುಳಬಾಗಿಲು ದೋಸೆ: ಹೊರಗೆ ಗರಿಗರಿ, ಒಳಗೆ ಮೆತ್ತಗೆ, ಮೇಲೆ ಧಾರಾಳವಾಗಿ ತುಪ್ಪ. ಒಂದೇ ಸಾಕೆಂದು ಕುಳಿತ ಅಳಿಯಂದಿರು ಮೂರಕ್ಕೆ ನಿಲ್ಲಿಸಿದರು. ಬಡಿಸುವವನು ತೆಲುಗಿನಲ್ಲಿ ಕೇಳುವನು, ನಾವು ಕನ್ನಡದಲ್ಲಿ ಹೇಳುವೆವು. ಎರಡು ಭಾಷೆಗಳೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ಸೀಮೆ ಇದು.

ನಾಲ್ಕನೆಯ ದಿನ ಶ್ರೀನಿವಾಸಪುರ. ಅಲ್ಲಿಯ ಹಳ್ಳಿಯೊಂದರಲ್ಲಿ ನಮ್ಮ ತಂದೆಯವರು ನೆಟ್ಟ ನಲವತ್ತು ಮಾವಿನ ಮರಗಳನ್ನು ತಮ್ಮನು ನೋಡಿಕೊಳ್ಳುತ್ತಿದ್ದಾನೆ. ಬಾದಾಮಿ, ರಸಪುರಿಗಳು ಕೆಲವು, ತೋತಾಪುರಿಯೇ ಹೆಚ್ಚು. ತೋತಾಪುರಿಯನ್ನು ಬಹುಪಾಲು ಕೊಳ್ಳುವವರು ಹಣ್ಣಿನ ತಿರುಳು ತೆಗೆಯುವ ಕಾರ್ಖಾನೆಗಳವರು. ಆ ಕಾರ್ಖಾನೆಗಳು ಬಹಳವಾಗಿ ಇರುವುದು ಗಡಿಯಾಚೆಯ ಚಿತ್ತೂರು ಸೀಮೆಯಲ್ಲಿ. ಆ ವರ್ಷ ಜೂನ್ ತಿಂಗಳಲ್ಲಿ ಕರ್ನಾಟಕದ ತೋತಾಪುರಿ ಆ ಜಿಲ್ಲೆಯೊಳಕ್ಕೆ ಬಾರದಂತೆ ನಿರ್ಬಂಧವಾಯಿತು. ಬೆಲೆ ಕುಸಿಯಿತು. ಶ್ರೀನಿವಾಸಪುರದಲ್ಲಿ ಬೆಳೆಗಾರರು ಬಂದ್ ಆಚರಿಸಿದರು. ಆಮೇಲೆ ಕೇಂದ್ರ ಸರ್ಕಾರವು ಕ್ವಿಂಟಲಿಗೆ 1,616 ರೂಪಾಯಿಗಳ ದರವನ್ನು ಗೊತ್ತುಮಾಡಿ, ಎರಡೂವರೆ ಲಕ್ಷ ಟನ್ನುಗಳವರೆಗೆ ಬೆಲೆಯ ಕೊರತೆಯನ್ನು ತುಂಬಿಕೊಡಲು ಒಪ್ಪಿತು.

ನಾವು ಹೋಗುವಾಗ ದಾರಿಯ ಬದಿಯಲ್ಲಿ ತೋತಾಪುರಿಯ ರಾಶಿಗಳು ಬಿದ್ದಿದ್ದವು. ದನಗಳು ತಿಂದು ಬೇಸತ್ತು ನಿಂತಿದ್ದವು. ಮೊಮ್ಮಗಳು ಕಾರನ್ನು ನಿಲ್ಲಿಸಹೇಳಿದಳು. ಅವಳಿರುವ ದೇಶದಲ್ಲಿ ಬೇಸಿಗೆ ಬಂದಿತೆಂದರೆ ರೈತರು ಹಾದಿಬದಿಯಲ್ಲಿ ಹಲಗೆಯ ಮೇಲೆ ಸ್ಟ್ರಾಬೆರಿ ಹಣ್ಣುಗಳನ್ನಿಟ್ಟು, ಪಕ್ಕದಲ್ಲಿ ಡಬ್ಬಿಯೊಂದನ್ನಿಟ್ಟು ಹೋಗುವರಂತೆ. ಕಾವಲಿಗೆ ಯಾರೂ ಇಲ್ಲ. ದಾರಿಹೋಕರು ಡಬ್ಬಿಗೆ ಹಣ ಹಾಕಿ ಹಣ್ಣು ಒಯ್ಯುವರಂತೆ.

“ತಾತ, ಇಲ್ಲಿ ಹಣ್ಣು ಇದೆ. ಡಬ್ಬಿ ಎಲ್ಲಿ?” ಎಂದಳು.

ನಮಗೆ ಉತ್ತರ ಹೊಳೆಯಲಿಲ್ಲ.

ತಮ್ಮನ ಮನೆಯಲ್ಲಿ ರಸಪುರಿಯ ಸೀಕರಣೆಯೂ ಬಿಸಿ ಹೋಳಿಗೆಯೂ ಸಿದ್ಧವಾಗಿದ್ದವು. ಮಕ್ಕಳು ಮೊಣಕೈವರೆಗೆ ರಸ ಸುರಿಸಿಕೊಂಡು ಉಂಡರು. ಕೈತೊಳೆದ ಮೇಲೆ ತಮ್ಮನು ಮೆಲ್ಲನೆ ಹೇಳಿದನು: “ಅಣ್ಣಯ್ಯ, ಕೊಯ್ಲಿನ ಕೂಲಿ, ಗಾಡಿಯ ಬಾಡಿಗೆ ಕಳೆದರೆ ಏನೂ ಉಳಿಯುವುದಿಲ್ಲ. ದೀಪಾವಳಿಯ ಹೊತ್ತಿಗೆ ಮರಗಳನ್ನು ಕಡಿಸಿಬಿಡೋಣವೆಂದಿದ್ದೇನೆ. ನೀನು ಒಪ್ಪಬೇಕು.” ತಂದೆಯವರು ಬಿಂದಿಗೆಯಲ್ಲಿ ನೀರು ಹೊತ್ತು ಬೆಳೆಸಿದ ಮರಗಳು. ಬೇಡವೆನ್ನಲು ಬಾಯಿ ಬಂದಿತು. ಆದರೆ ನಷ್ಟವನ್ನು ಹೊರುವವನು ಅವನು, ನಾವಲ್ಲ.

ಆಗ ಅಳಿಯಂದಿರು, 1882ರಲ್ಲಿ ಡೆನ್ಮಾರ್ಕಿನ ಒಂದು ಹಳ್ಳಿಯ ರೈತರು ತಮ್ಮ ತಮ್ಮ ಹಾಲನ್ನು ಒಟ್ಟುಗೂಡಿಸಿ ಆ ದೇಶದ ಮೊದಲ ಸಹಕಾರಿ ಡೈರಿಯನ್ನು ಸ್ಥಾಪಿಸಿದ ಸಂಗತಿಯನ್ನು ಹೇಳಿದರು. ತಮ್ಮನು ನಕ್ಕನು: “ನಮ್ಮೂರಿನಲ್ಲೂ ಹಾಲಿಗೆ ಸಂಘವಿದೆ. ಬೆಳಗ್ಗೆ ಸಂಜೆ ಹಾಲು ಹಾಕಿ ಬರುತ್ತೇವೆ. ಮಾವಿಗೆ ಮಾತ್ರ ಒಬ್ಬೊಬ್ಬರೇ ಮಂಡಿಗೆ ಹೋಗುತ್ತೇವೆ.”

ಸಂಸ್ಕೃತದಲ್ಲಿ ಮಾವಿಗೆ ಆಮ್ರ, ಚೂತ, ರಸಾಲ ಎಂದು ಹೆಸರುಗಳು. ಅತಿ ಸುಗಂಧವುಳ್ಳ ಮಾವಿಗೆ ‘ಸಹಕಾರ’ವೆಂದೇ ಅಮರಕೋಶದಲ್ಲಿ ಹೆಸರು. ಇದನ್ನು ಎಷ್ಟೋ ವರ್ಷ ಹುಡುಗರಿಂದ ಬಾಯಿಪಾಠ ಮಾಡಿಸಿದ್ದೆವು. ಕೂಡಿ ಮಾಡುವ ಕೆಲಸಕ್ಕೂ ಕನ್ನಡದಲ್ಲಿ ಅದೇ ಮಾತು. ಇದನ್ನು ಹೇಳಿದಾಗ ತಮ್ಮನು, “ಹೆಸರು ಚೆನ್ನಾಗಿದೆ ಅಣ್ಣಯ್ಯ, ಲಾರಿಯ ಬಾಡಿಗೆ ಕೊಡುವವರು ಯಾರು?” ಎಂದನು. ನ್ಯಾಯವಾದ ಮಾತೇ. ಆದರೂ ಸಂಜೆ ನೆರೆಯ ತೋಟದವರು ನಾಲ್ವರು ಜಗುಲಿಗೆ ಬಂದರು. ಮುಂದಿನ ಫಸಲಿನಲ್ಲಿ ಬಾದಾಮಿ, ರಸಪುರಿಗಳನ್ನಾದರೂ ಐವರೂ ಒಂದೇ ಲಾರಿಯಲ್ಲಿ ಬೆಂಗಳೂರಿಗೆ ಕಳುಹಿಸಿ ನೋಡುವುದೆಂದು ಮಾತಾಯಿತು. ಮೊದಲ ಬಾಡಿಗೆಯನ್ನು ನಮ್ಮ ಪೆನ್ಷನ್ನಿನಿಂದ ಕೊಡುವೆವೆಂದೆವು. ಮರ ಕಡಿಸುವ ಮಾತು ಒಂದು ವರ್ಷ ಮುಂದಕ್ಕೆ ಹೋಯಿತು. ಉಳಿಯುವುವೋ ಇಲ್ಲವೋ ಎಂಬುದನ್ನು ಫಸಲೇ ಹೇಳಬೇಕು.

ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟೆ. ಮಾವಿನ ಕಾಲದಲ್ಲಿ ನಮ್ಮ ಸೀಮೆಗೆ ಮಕ್ಕಳೊಡನೆ ಬನ್ನಿ. ಗಣಪತಿಯನ್ನು ನೋಡಿ, ದೋಸೆಯನ್ನು ತಿನ್ನಿ. ಹಿಂದಿರುಗುವ ಮುನ್ನ ಯಾವುದಾದರೊಂದು ತೋಟದ ಬಾಗಿಲಲ್ಲಿ ನಿಂತು, ಬೆಳೆದವನ ಕೈಯಿಂದಲೇ ಒಂದು ಬುಟ್ಟಿ ಹಣ್ಣು ಕೊಳ್ಳಿ, ಚೌಕಾಸಿ ಮಾಡಬೇಡಿ.