ಬೆರಳಿನ ಲೆಕ್ಕ

ಸುಳ್ಯದ ಕಡೆಯ ಆ ಹೆಂಗಸಿಗೆ ತನ್ನ ನೋವನ್ನು ಅಳೆಯಲು ಬೇರೆ ಅಳತೆಗೋಲು ಬೇಕಿರಲಿಲ್ಲ, ಬೀಡಿ ಸಾಕಿತ್ತು. 2008ರ ಚಿಕುನ್‌ಗುನ್ಯ ಜ್ವರಕ್ಕೆ ಮೊದಲು ಮನೆಗೆಲಸ, ದನದ ಕೆಲಸ ಎಲ್ಲ ಮುಗಿಸಿಯೂ ದಿನಕ್ಕೆ ಎಂಟುನೂರು ಬೀಡಿ ಕಟ್ಟುತ್ತಿದ್ದರು. ಜ್ವರ ಬಿಟ್ಟ ತಿಂಗಳು ನೂರೂ ಆಗಲಿಲ್ಲ. ಆರು ತಿಂಗಳಿಗೆ ಮುನ್ನೂರು, ವರ್ಷಕ್ಕೆ ನಾನ್ನೂರೈವತ್ತು. ಆಮೇಲೆ ಏರಲೇ ಇಲ್ಲ. ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನವರು ಬರೆದುಕೊಟ್ಟ ಪುಸ್ತಕದ ಹಾಳೆ ಮಗುಚುತ್ತ ಹೋದರೆ ಅವರ ಕಾಯಿಲೆಯ ಚರಿತ್ರೆ ಅಂಕಿಗಳಲ್ಲಿ ಕಾಣುತ್ತಿತ್ತು. ಯಾವ ಆಸ್ಪತ್ರೆಯ ಚೀಟಿಯಲ್ಲೂ ಅಷ್ಟು ವಿವರ ಇರಲಿಲ್ಲ.

ಬೀಡಿ ಕಟ್ಟುವುದು ಇಡಿಯಾಗಿ ಬೆರಳ ತುದಿಯ ಕೆಲಸ. ನೆನೆಸಿದ ಎಲೆಯನ್ನು ಕತ್ತರಿಯಿಂದ ಅಳತೆಗೆ ಕತ್ತರಿಸಬೇಕು, ಹೊಗೆಸೊಪ್ಪಿನ ಹುಡಿ ಹರವಬೇಕು, ಬಿಗಿಯಾಗಿ ಸುರುಟಬೇಕು, ತುದಿ ಮಡಚಿ ನೂಲು ಸುತ್ತಬೇಕು. ಇಷ್ಟೂ ಕೆಲವೇ ಕ್ಷಣಗಳಲ್ಲಿ. ಚಿಕುನ್‌ಗುನ್ಯ ಬಂದು ಕೂರುವುದೂ ಅಲ್ಲೇ, ಬೆರಳ ಗಂಟಿನಲ್ಲಿ, ಮಣಿಕಟ್ಟಿನಲ್ಲಿ, ಪಾದದ ಗಂಟಿನಲ್ಲಿ. ಹೆಚ್ಚಿನವರಿಗೆ ಎಡಬಲ ಎರಡೂ ಕಡೆ ಒಟ್ಟಿಗೇ ಹಿಡಿಯುತ್ತದೆ. ಹಿಂದೆಂದೋ ಉಳುಕಿದ ಕಾಲನ್ನು ಹುಡುಕಿಕೊಂಡು ಹೋಗಿ ಹಿಡಿಯುತ್ತದೆ ಅಂತಲೂ ಅನುಭವಿಸಿದವರು ಹೇಳುತ್ತಾರೆ. ಮೊದಲೇ ಪೆಟ್ಟು ತಿಂದ ಕೀಲಿನಲ್ಲಿ ನೋವು ಜಾಸ್ತಿ ಎಂಬುದನ್ನು ವೈದ್ಯರೂ ಒಪ್ಪುತ್ತಾರೆ.

ಈ ಕಾಯಿಲೆಗೆ ಹೆಸರು ಕೊಟ್ಟವರು ಅದರಲ್ಲಿ ನರಳಿದ ಜನ. 1952ರಲ್ಲಿ, ಆಗ ಟಾಂಗನೀಕ ಎಂದು ಕರೆಯುತ್ತಿದ್ದ ಇಂದಿನ ತಾಂಜಾನಿಯದ ಮಕೊಂಡೆ ಪ್ರಸ್ಥಭೂಮಿಯಲ್ಲಿ ಊರಿಗೆ ಊರೇ ಜ್ವರದಿಂದ ಮಲಗಿತು. ಮೇರಿಯನ್ ರಾಬಿನ್‌ಸನ್ ಮತ್ತು ಲಮ್ಸ್‌ಡೆನ್ ಎಂಬ ವೈದ್ಯರು ಅದರ ವಿವರವನ್ನು 1955ರಲ್ಲಿ ಪ್ರಕಟಿಸಿದಾಗ, ಮಕೊಂಡೆ ಜನರ ಬಾಯಲ್ಲಿದ್ದ ಮಾತನ್ನೇ ಹೆಸರಾಗಿ ಇಟ್ಟುಕೊಂಡರು. ಆ ಮಾತಿನ ಅರ್ಥ ಬಗ್ಗಿಸಿಬಿಡುವಂಥದ್ದು, ಮುರುಟಿಸುವಂಥದ್ದು ಎಂದು. ನೆಟ್ಟಗೆ ನಿಲ್ಲಲಾಗದೆ ಗೋಡೆ ಹಿಡಿದು ನಡೆಯುವ ಮನುಷ್ಯನನ್ನು ಕಂಡವರು ಇಟ್ಟ ಹೆಸರು. ಊರಿನದೋ ವಿಜ್ಞಾನಿಯದೋ ಹೆಸರು ಹೊತ್ತ ಎಷ್ಟೋ ಕಾಯಿಲೆಗಳಿಗಿಂತ ಈ ಹೆಸರು ಹೆಚ್ಚು ಪ್ರಾಮಾಣಿಕ.

ಕನ್ನಡನಾಡಿಗೆ ಬರುವಾಗ ಅದು ‘ಚಿಕನ್ ಗುನ್ಯ’ ಆಯಿತು. 2006ರಲ್ಲಿ ಎಷ್ಟೋ ಮನೆಗಳಲ್ಲಿ ಕೋಳಿ ಸಾರು ಬಂದ್ ಆಯಿತು. ಅದೇ ವರ್ಷದ ಆರಂಭದಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಹಕ್ಕಿಜ್ವರ ಕಾಣಿಸಿಕೊಂಡಿದ್ದರಿಂದ ಜನರ ಅನುಮಾನಕ್ಕೆ ಕಾರಣವೂ ಇತ್ತು. ಕೋಳಿಗೂ ಈ ಜ್ವರಕ್ಕೂ ಸಂಬಂಧವೇ ಇಲ್ಲ. ತರುವುದು ಈಡಿಸ್ ಸೊಳ್ಳೆ. ಕಾಲಿನ ಮೇಲೆ ಬಿಳಿ ಪಟ್ಟೆ ಇರುವ, ಹಗಲು ಹೊತ್ತಿನಲ್ಲಿ ಕಚ್ಚುವ ಸೊಳ್ಳೆ. ಚರಂಡಿಗಿಂತ ಅದಕ್ಕೆ ನಮ್ಮ ಮನೆಯ ತಿಳಿನೀರೇ ಇಷ್ಟ.

ಭಾರತಕ್ಕೆ ಇದು ಹೊಸದಾಗಿರಲಿಲ್ಲ. 1963ರಲ್ಲಿ ಕಲ್ಕತ್ತ, 1964ರಲ್ಲಿ ಮದರಾಸು, ವೆಲ್ಲೂರು, 1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿ. ಆಮೇಲೆ ಮೂವತ್ತೆರಡು ವರ್ಷ ಸದ್ದಿಲ್ಲ. ಒಂದು ತಲೆಮಾರಿನ ವೈದ್ಯರು ಇದನ್ನು ಪಠ್ಯಪುಸ್ತಕದ ಒಂದು ಪ್ಯಾರಾದಲ್ಲಷ್ಟೇ ನೋಡಿದ್ದರು. 2005ರ ಕೊನೆಗೆ ಮರಳಿ ಬಂದಾಗ ವೈರಸ್ಸಿನ ತಳಿ ಬೇರೆಯಾಗಿತ್ತು, ಅದನ್ನು ತಡೆಯುವ ಶಕ್ತಿ ಜನರ ಮೈಯಲ್ಲಿರಲಿಲ್ಲ. 2006ರಲ್ಲಿ ದೇಶದಲ್ಲಿ ಲೆಕ್ಕಕ್ಕೆ ಸಿಕ್ಕ ಶಂಕಿತ ರೋಗಿಗಳು ಸುಮಾರು 13.9 ಲಕ್ಷ. ಅದರಲ್ಲಿ ಕರ್ನಾಟಕದವರೇ 7.5 ಲಕ್ಷ, ಅರ್ಧಕ್ಕೂ ಹೆಚ್ಚು.

ಈ ಅಂಕಿಯ ಹಿಂದೆ ನೀರಿನ ಕತೆ ಇದೆ. ತುಮಕೂರು, ಚಿತ್ರದುರ್ಗ, ಕೋಲಾರ, ವಿಜಯಪುರ, ಕಲಬುರಗಿ ಎಲ್ಲವೂ ನಲ್ಲಿ ನೀರಿಗಾಗಿ ದಿನಗಟ್ಟಲೆ ಕಾಯುವ ಸೀಮೆಗಳು. ನೀರು ಬಂದ ದಿನ ಕೊಡ, ಹಂಡೆ, ಡ್ರಮ್ಮು, ಸಿಮೆಂಟ್ ತೊಟ್ಟಿ ಎಲ್ಲವನ್ನೂ ತುಂಬಿಸಿಡಬೇಕು. ಮೊಟ್ಟೆಯಿಂದ ಸೊಳ್ಳೆಯಾಗಲು ಸುಮಾರು ಒಂದು ವಾರ ಸಾಕು. ನೀರು ಖಾಲಿಯಾದರೂ ತೊಟ್ಟಿಯ ಗೋಡೆಗೆ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿಯೇ ಬದುಕಿರುತ್ತದೆ, ಮತ್ತೆ ನೀರು ತಾಗಿದಾಗ ಒಡೆಯುತ್ತದೆ. ಅದಕ್ಕೇ ತೊಟ್ಟಿಯನ್ನು ಬರಿದು ಮಾಡಿದರೆ ಸಾಲದು, ಒಳಗೋಡೆಯನ್ನು ತಿಕ್ಕಿ ತೊಳೆಯಬೇಕು. ಮಣಿಕಟ್ಟು ಹಿಡಿದುಕೊಂಡ ಹೆಂಗಸು ತೊಟ್ಟಿ ತಿಕ್ಕುವುದು ಹೇಗೆ ಎಂದು ಯಾವ ಕರಪತ್ರವೂ ಕೇಳಲಿಲ್ಲ.

ದಕ್ಷಿಣ ಕನ್ನಡದ ಸುಳ್ಯ, ಪುತ್ತೂರಿನ ಕಡೆ ಕತೆ ಬೇರೆ. ಅಲ್ಲಿ ಮಳೆಗೆ ಬರವಿಲ್ಲ. ಮಳೆನೀರು ನಿಲ್ಲುವುದು ರಬ್ಬರ್ ಮರಕ್ಕೆ ಕಟ್ಟಿದ ಹಾಲಿನ ಕಪ್ಪಿನಲ್ಲಿ, ತೋಟದಲ್ಲಿ ಬಿದ್ದ ಅಡಿಕೆ ಹಾಳೆಯ ಮಡಿಕೆಯಲ್ಲಿ, ಅಂಗಳದ ಮೂಲೆಯ ಗೆರಟೆಯಲ್ಲಿ. ಇಂಥ ತೋಟಗಳ ಸೊಳ್ಳೆ ಮನೆಯ ತೊಟ್ಟಿಯ ಈಡಿಸ್ ಈಜಿಪ್ಟಿ ಅಲ್ಲ, ಅದರ ಹತ್ತಿರದ ನೆಂಟ ಈಡಿಸ್ ಆಲ್ಬೊಪಿಕ್ಟಸ್. 2005-06ರಲ್ಲಿ ಹಿಂದೂ ಮಹಾಸಾಗರದ ರೆಯೂನಿಯನ್ ದ್ವೀಪದಲ್ಲಿ ಎಂಟು ಲಕ್ಷದೊಳಗಿನ ಜನಸಂಖ್ಯೆಯಲ್ಲಿ ಸುಮಾರು 2,66,000 ಜನರಿಗೆ ಚಿಕುನ್‌ಗುನ್ಯ ಬಂದಾಗ ವೈರಸ್ಸಿನ ಒಂದೇ ಒಂದು ಅಮೈನೊ ಆಮ್ಲ ಬದಲಾಗಿದ್ದು ಗೊತ್ತಾಯಿತು. ಆ ಬದಲಾವಣೆಯಿಂದ ತೋಟದ ಸೊಳ್ಳೆಯ ಮೈಯಲ್ಲಿ ಅದು ಸಲೀಸಾಗಿ ಬೆಳೆಯತೊಡಗಿತ್ತು. 2007ರಲ್ಲಿ ಕೇರಳದಲ್ಲೂ ಅದೇ ಬದಲಾವಣೆ ಕಂಡುಬಂತು. ಮರುವರ್ಷ ಜ್ವರ ದಕ್ಷಿಣ ಕನ್ನಡದಲ್ಲಿತ್ತು.

ಸರ್ಕಾರದ ಲೆಕ್ಕದಲ್ಲಿ 2006ರ ಆ ಲಕ್ಷಗಟ್ಟಲೆ ಜ್ವರಕ್ಕೆ ಸಾವೇ ಇರಲಿಲ್ಲ. ಆದರೆ ಆ ವರ್ಷ ಅಹಮದಾಬಾದಿನಲ್ಲಿ ಆಗಸ್ಟಿನಿಂದ ನವೆಂಬರ್‌ವರೆಗಿನ ಸಾವುಗಳನ್ನು ಹಿಂದಿನ ವರ್ಷಗಳ ಜೊತೆ ಹೋಲಿಸಿದ ಸಂಶೋಧಕರಿಗೆ ನಿರೀಕ್ಷೆಗಿಂತ 2,944 ಸಾವು ಹೆಚ್ಚು ಕಂಡವು. ಚಿಕುನ್‌ಗುನ್ಯ ‘ಸಾಯಿಸದ ಜ್ವರ’ ಎಂಬ ಮಾತು ಮಾತ್ರ ಗಟ್ಟಿಯಾಗಿ ನಿಂತುಬಿಟ್ಟಿತು. ಸಾಯಿಸುವುದಿಲ್ಲ ಅಂದಮೇಲೆ ಚಿಂತೆ ಯಾಕೆ ಎಂಬ ಧೋರಣೆ ಅದರ ಬೆನ್ನಿಗೇ ಬಂತು. ಜ್ವರ ಬಿಟ್ಟವರ ಹೆಸರು ಪಟ್ಟಿಯಿಂದ ಹೋಯಿತು. ನೋವಿಗೆ ಪಟ್ಟಿಯೇ ಇರಲಿಲ್ಲ.

ಆದರೂ ಕೆಲವರು ಹಿಂದೆ ಬಿದ್ದು ನೋಡಿದರು. ದಕ್ಷಿಣ ಕನ್ನಡದಲ್ಲೇ ಸುಮಾರು ಇನ್ನೂರು ರೋಗಿಗಳನ್ನು ಹತ್ತು ತಿಂಗಳು ಗಮನಿಸಿದ ಅಧ್ಯಯನವೊಂದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನಕ್ಕೆ ಕೀಲುನೋವು ಉಳಿದೇ ಇತ್ತು. ರೆಯೂನಿಯನ್‌ನಲ್ಲಿ ಹದಿನೈದು ತಿಂಗಳ ಬಳಿಕ ಕೇಳಿದಾಗ ಶೇ. 57ರಷ್ಟು ಜನ ಇನ್ನೂ ನೋವಿದೆ ಎಂದರು. ನಡುವಯಸ್ಸು ದಾಟಿದವರು, ಜ್ವರದ ಆರಂಭದಲ್ಲೇ ತೀವ್ರ ನೋವು ಉಂಡವರು, ಹಲವು ಅಧ್ಯಯನಗಳ ಪ್ರಕಾರ ಹೆಂಗಸರು ಇದಕ್ಕೆ ಹೆಚ್ಚು ಸಿಕ್ಕುತ್ತಾರೆ.

ವೈರಸ್ಸು ರಕ್ತದಲ್ಲಿ ಇರುವುದು ಒಂದು ವಾರದಷ್ಟೇ. ಮತ್ತೆ ಯಾಕೆ ಈ ನೋವು? ರೆಯೂನಿಯನ್‌ನ ಒಬ್ಬ ರೋಗಿಯ ಕೀಲಿನ ಒಳಪೊರೆಯಲ್ಲಿ ಹದಿನೆಂಟು ತಿಂಗಳಾದ ಮೇಲೂ ವೈರಸ್ಸಿನ ತುಣುಕುಗಳು ಸಿಕ್ಕವು. ಕೊಲಂಬಿಯದಲ್ಲಿ ಹೀಗೇ ನರಳುತ್ತಿದ್ದವರ ಕೀಲಿನ ದ್ರವವನ್ನು ಪರೀಕ್ಷಿಸಿದಾಗ ಏನೂ ಸಿಗಲಿಲ್ಲ. ಕಳ್ಳ ಇನ್ನೂ ಅಟ್ಟದಲ್ಲಿ ಅಡಗಿದ್ದಾನೋ, ಹೋದ ಮೇಲೂ ನಾಯಿ ಬೊಗಳುತ್ತಲೇ ಇದೆಯೋ ಎಂಬುದು ತೀರ್ಮಾನವಾಗಿಲ್ಲ. ಒಂದು ಕಾಲಕ್ಕೆ ನೆಚ್ಚಿಕೊಂಡಿದ್ದ ಕ್ಲೊರೊಕ್ವಿನ್ ಮಾತ್ರೆಯಿಂದ ಜ್ವರದ ಹೊತ್ತಿನಲ್ಲಿ ಪ್ರಯೋಜನ ಕಾಣಲಿಲ್ಲ. ತಿಂಗಳುಗಟ್ಟಲೆ ಬಾವು ಇಳಿಯದವರಿಗೆ ಕೀಲುವಾತ ತಜ್ಞರು ಮೆಥೊಟ್ರೆಕ್ಸೇಟಿನಂಥ ಔಷಧ ಕೊಡುವುದುಂಟು, ಅದಕ್ಕೆ ಆಗಾಗ ರಕ್ತ ಪರೀಕ್ಷೆ ಬೇಕು. ಅಂಥ ತಜ್ಞರು ಇರುವುದು ಮಂಗಳೂರಿನಂಥ ಊರಿನಲ್ಲಿ. ಒಂದು ಸಲ ಹೋಗಿ ಬಂದರೆ ಎರಡು ದಿನದ ಬೀಡಿ ಹೋಯಿತು.

ಸುಳ್ಯದ ಆ ಹೆಂಗಸು ಹೋಗಿದ್ದು ಒಂದೇ ಸಲ. ಎಕ್ಸ್‌ರೇ ನೋಡಿದವರು ಮೂಳೆಗೆ ಏನೂ ಆಗಿಲ್ಲ ಎಂದರು. “ವಯಸ್ಸಾಯ್ತಲ್ಲ ಅಮ್ಮ” ಎಂದರು. ಆಗ ಅವರಿಗೆ ನಲವತ್ತಾರು. ಮನೆಗೆ ಬಂದು ಅತ್ತೆಯ ಹತ್ತಿರ ಎಕ್ಸ್‌ರೇಯಲ್ಲಿ ಎಂತ ಇಲ್ಲವಂತೆ ಎಂದು ಹೇಳಿದ್ದೇ ತಪ್ಪಾಯಿತು. ಇಲ್ಲದ ನೋವಿಗೆ ಸಮಾಧಾನ ಹೇಳುವವರು ಯಾರು? ಜ್ವರದಲ್ಲಿ ಮಲಗಿದ್ದಾಗ ನೆರೆಮನೆಯವರೂ ಗಂಜಿ ತಂದುಕೊಟ್ಟಿದ್ದರು. ಆಗ ಊರೇ ಮಲಗಿತ್ತು, ಮಲಗುವುದಕ್ಕೆ ಮರ್ಯಾದೆ ಇತ್ತು. ಮೂಗಿನ ಮೇಲೆ ಮೂಡಿದ ಕಪ್ಪು ಕಲೆ, ಈ ಜ್ವರ ಕೆಲವರಿಗೆ ಬಿಟ್ಟುಹೋಗುವ ಗುರುತು, ಇರುವಷ್ಟು ದಿನ ಜನ ಪಾಪ ಎನ್ನುತ್ತಿದ್ದರು. ಕಲೆ ಮಾಸಿತು, ಪಾಪ ಎನ್ನುವುದೂ ನಿಂತಿತು.

ನೋವಿಗೆ ಅದರದೇ ಒಂದು ದಿನಚರಿ ಇತ್ತು. ಬೆಳಿಗ್ಗೆ ಎದ್ದ ಕೂಡಲೇ ಕೈ ಮುಷ್ಟಿ ಹಿಡಿಯದು. ಬಚ್ಚಲಿನ ಹಂಡೆಯ ಬಿಸಿನೀರಿನಲ್ಲಿ ಹತ್ತು ನಿಮಿಷ ಬೆರಳು ಇಳಿಬಿಟ್ಟು ಕೂತ ಮೇಲೆ ಒಂದೊಂದೇ ಗಂಟು ಸಡಿಲವಾಗುತ್ತಿತ್ತು. ಚೆಂಬನ್ನು ಎರಡೂ ಅಂಗೈ ಸೇರಿಸಿ ಎತ್ತುವುದನ್ನು ಕಲಿತರು. ಬಟ್ಟೆ ಹಿಂಡುವುದನ್ನು ಬಿಟ್ಟು ನೀರಿಳಿಯಲು ಹಾಗೇ ತೂಗುಹಾಕಿದರು. ಕಡೆಯುವ ಕಲ್ಲು ಮೂಲೆ ಸೇರಿತು, ಸಾಲ ಮಾಡಿ ಮಿಕ್ಸಿ ಬಂತು. ರಾತ್ರಿ ಕೊಟ್ಟಂಚುಕ್ಕಾದಿ ತೈಲ. ಮಳೆ ಹಿಡಿಯುವ ಮೊದಲೇ ಮೊಣಕಾಲಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದರು. ವಿಜ್ಞಾನಕ್ಕೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ, ಆದರೆ ಬಟ್ಟೆ ಒಳಗೆ ತರಲು ಮನೆಯವರು ಅವರ ಮೊಣಕಾಲನ್ನೇ ನಂಬುತ್ತಿದ್ದರು.

2025ರಲ್ಲಿ ರೆಯೂನಿಯನ್‌ಗೆ ಚಿಕುನ್‌ಗುನ್ಯ ಮತ್ತೆ ದೊಡ್ಡದಾಗಿ ಬಂತು. ಒಮ್ಮೆ ಬಂದವರಿಗೆ ಮತ್ತೆ ಬರುವುದು ತೀರಾ ಅಪರೂಪ. ಆದರೆ ಇಪ್ಪತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳಿಗೆ ಆ ರಕ್ಷಣೆ ಇಲ್ಲ. ಸುಳ್ಯದ ಲೆಕ್ಕವೂ ಇದೇ. 2008ರ ನಂತರ ಹುಟ್ಟಿದ ಮೊಮ್ಮಗಳು ಅವರ ಮನೆಯಲ್ಲಿದ್ದಾಳೆ.

ಮಳೆ ಶುರುವಾದರೆ ಅವರು ದಿನಾ ಸಂಜೆ ಅಂಗಳಕ್ಕೆ ಒಂದು ಸುತ್ತು ಹಾಕುತ್ತಾರೆ. ಬಗ್ಗಲು ಆಗುವುದಿಲ್ಲ. ನೀರು ನಿಂತ ಗೆರಟೆಯನ್ನು ಕಾಲಿನ ತುದಿಯಿಂದ ಒತ್ತಿ ಮಗುಚುತ್ತಾರೆ. ಹಾಳೆಯ ಮಡಿಕೆಗೆ ಕೋಲು ತೂರಿಸಿ ನೀರು ಚೆಲ್ಲುತ್ತಾರೆ. ಹಳೆ ಟಯರಿನ ಹತ್ತಿರ ಬಂದಾಗ ನಿಂತು ಮೊಮ್ಮಗಳನ್ನು ಕೂಗುತ್ತಾರೆ, ಅದನ್ನು ಎತ್ತಲು ಬೆರಳು ಬೇಕು.